ಒಗೆಯುವ ಯಂತ್ರದ ಬಾಯಿಗೆ ಅರಿಸಿನ

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೊರಟರೆ, ಊರು ಮುಗಿದು ಹೊಲ ಶುರುವಾಗುವ ಜಾಗದಲ್ಲಿ ತಗಡಿನ ಮಾಡಿನ ಉದ್ದನೆಯ ಶೆಡ್ಡೊಂದಿದೆ. ಕಾಡಿನಂಚಿನ ರೆಸಾರ್ಟು, ಲಾಡ್ಜು, ಹೋಂಸ್ಟೇಗಳಲ್ಲಿ ಜನ ಮಲಗಿ ಎದ್ದ ಹಾಸುಗಳು, ಮೈ ಒರೆಸಿಕೊಂಡ ಟವೆಲುಗಳು ಗಂಟು ಗಂಟಾಗಿ ಅಲ್ಲಿಗೆ ಬರುತ್ತವೆ. ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು ಹಿಂತಿರುಗುತ್ತವೆ. ಕರಿಬಸಮ್ಮ ಆ ಶೆಡ್ಡಿಗೆ ಕೆಲಸಕ್ಕೆ ಸೇರಿದ ಕಾಲದಲ್ಲಿ ಅಲ್ಲಿ ಯಂತ್ರ ಎನ್ನುವ ವಸ್ತು ಇರಲಿಲ್ಲ. ಸಿಮೆಂಟಿನ ತೊಟ್ಟಿಗಳಿದ್ದವು, ಒಗೆಯುವ ಕಲ್ಲುಗಳಿದ್ದವು, ಆರು ಜನ ಹೆಂಗಸರ ತೋಳುಗಳಿದ್ದವು.

ಅವಳು ಭೀಮನಬೀಡಿನ ಮಗಳು, ತೆರಕಣಾಂಬಿಯ ಸೊಸೆ. ತೌರುಮನೆಯಲ್ಲಿ ಅರಿಸಿನ ಬೆಳೆಯುತ್ತಿದ್ದರು. ಅರಿಸಿನ ಬೇಯಿಸುವ ಕೊಪ್ಪರಿಗೆಯ ಮುಂದೆ ನಿಂತು, ಬೆಂದದ್ದನ್ನು ಕಣದಲ್ಲಿ ಹರವಿ ಒಣಗಿಸಿ ಬೆಳೆದವಳಿಗೆ ಬಿಸಿ, ಹಬೆ, ಭಾರ ಯಾವುದೂ ಹೊಸದಲ್ಲ. ಗಂಡ ಸಿದ್ದಮಲ್ಲಪ್ಪ ತೆರಕಣಾಂಬಿಯ ಬಸ್ಸು ನಿಲ್ಲುವ ಕಡೆ ತರಕಾರಿ ಮಾರುತ್ತಾನೆ. ಏಳನೆಯ ಕ್ಲಾಸಿಗೆ ಓದು ಬಿಡಿಸಿದಾಗ ಅವಳು ಅಳಲಿಲ್ಲ. ಆಮೇಲೂ ಅದನ್ನು ನೆನೆದು ನಿಟ್ಟುಸಿರು ಬಿಟ್ಟವಳಲ್ಲ. ಆದರೆ ಒಂದು ಚಟ ಮಾತ್ರ ಹೋಗಲಿಲ್ಲ. ತಿರುಗುವ ವಸ್ತು ಏನು ಕಂಡರೂ ಅದರ ಹಿಂಬದಿಗೆ ಹೋಗಿ ನೋಡಬೇಕು. ರಾಗಿ ಬೀಸಿಸಲು ಹೋದವಳು ಗಿರಣಿಯ ಬೆಲ್ಟಿನ ಹಿಂದೆ ಬಗ್ಗಿ ನೋಡುತ್ತ ನಿಂತು ಗಿರಣಿಯವನಿಂದ ಬೈಸಿಕೊಂಡಿದ್ದಳು. ಸೆರಗು ಸಿಕ್ಕಿಕೊಂಡರೆ ನನ್ನ ತಲೆಗೆ ಬರುತ್ತೆ ಎಂದು ಅವನು ಕೂಗಿದರೆ, ಇವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೂ ಬಗ್ಗಿದಳು.

ಶೆಡ್ಡಿನ ಯಜಮಾನ ಮೃತ್ಯುಂಜಯ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಅವನಪ್ಪನದು ಅರಿಸಿನದ ಮಂಡಿ. ಇವನು ಮಂಡಿಯಲ್ಲಿ ಕೂರಲಾರೆ ಎಂದು ಈ ಕೆಲಸ ಹಿಡಿದ. ಕೆಲವು ವರ್ಷ ತೊಟ್ಟಿ, ಕಲ್ಲುಗಳಲ್ಲೇ ನಡೆಸಿದ. ಆಮೇಲೆ ಕೊಯಮತ್ತೂರಿನಲ್ಲಿ ಮುಚ್ಚಿದ ಹೋಟೆಲೊಂದರಿಂದ ದೊಡ್ಡ ಒಗೆಯುವ ಯಂತ್ರವನ್ನು ಕೊಂಡುಕೊಂಡ. ಅದು ದಿಂಬಂ ಘಾಟಿ ಹತ್ತಿ, ಚಾಮರಾಜನಗರದ ಮೇಲೆ ಹಾದು, ಲಾರಿಯಲ್ಲಿ ಬಂತು. ಇಳಿಸಲು ಕ್ರೇನು ಬೇಕಾಯಿತು. ಹೆಂಗಸರೆಲ್ಲ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತರು.

ಆಳೆತ್ತರದ ಉಕ್ಕಿನ ಪೆಟ್ಟಿಗೆ. ಮುಂದೆ ದುಂಡನೆಯ ಗಾಜಿನ ಬಾಗಿಲು. ಕುಮಾರಿ ಎನ್ನುವ ಇಸ್ತ್ರಿಯ ಹುಡುಗಿಗೆ ಬಾಯಿ ಸುಮ್ಮನಿರದು.

"ಅಕ್ಕ, ಇದು ಬಟ್ಟೆ ಒಗಿಯಾದೋ ಇಲ್ಲ ಆನೆಮರಿ ಮಲಗ್ಸಾದೋ?"

"ಸುಮ್ಕಿರು ಕಣಮ್ಮಿ," ಎಂದಳು ಕರಿಬಸಮ್ಮ. ಅವಳು ಆಗಲೇ ಯಂತ್ರದ ಹಿಂಬದಿಗೆ ಹೊರಟಿದ್ದಳು.

ಜೋಡಿಸಲು ಚಾಮರಾಜನಗರದಿಂದ ಸುನೀಲ್ ಕುಮಾರ್ ಬಂದ. ಅವನು ಮೆಕ್ಯಾನಿಕ್. ಆಸ್ಪತ್ರೆ, ಹಾಸ್ಟೆಲುಗಳ ಯಂತ್ರಗಳನ್ನು ನೋಡಿಕೊಳ್ಳುವವನು. ಕೆಲಸ ಮಾಡುವಾಗ ಹಿಂದೆ ಯಾರಾದರೂ ನಿಂತರೆ ಮುಖ ಗಂಟಿಕ್ಕುವವನು. ಕರಿಬಸಮ್ಮ ನಿಂತಳು. ಅವನು ಗಂಟಿಕ್ಕಿದ. ಅವಳು ಕದಲಲಿಲ್ಲ. ಕೊನೆಗೆ ಹಿಂದಿನ ತಗಡು ಬಿಚ್ಚಿದವನು, "ಬನ್ನಿ ಅಕ್ಕ, ನೋಡ್ಬಿಡಿ. ಇಲ್ದಿದ್ರೆ ನಂಗೆ ಕೆಲಸ ಮಾಡೋಕೆ ಬಿಡಲ್ಲ ನೀವು," ಎಂದು ಸರಿದುಕೊಂಡ.

ಅವಳು ನೋಡಿದ್ದು ಹೀಗಿತ್ತು. ಒಂದು ಡ್ರಮ್ಮಲ್ಲ, ಒಂದರೊಳಗೊಂದು ಎರಡು. ಹೊರಗಿನದು ತಿರುಗುವುದಿಲ್ಲ, ನೀರು ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಒಳಗಿನದು ತಿರುಗುತ್ತದೆ, ಬಟ್ಟೆ ಇರುವುದು ಅದರಲ್ಲಿ. ಒಳಗಿನದರ ಮೈತುಂಬ ಸಣ್ಣ ಸಣ್ಣ ತೂತು, ಜರಡಿಯ ಹಾಗೆ. ಆ ತೂತುಗಳಿಂದಲೇ ನೀರು ಎರಡರ ನಡುವೆ ಓಡಾಡುವುದು. ಹಿಂಬದಿಯಲ್ಲಿ ಗಾಡಿ ಚಕ್ರದಷ್ಟು ದೊಡ್ಡದಾದ ಗಾಲಿ, ಕೆಳಗೆ ಮೋಟಾರು, ಎರಡಕ್ಕೂ ಬೆಲ್ಟು. ಇಡೀ ಡ್ರಮ್ಮು ದಪ್ಪನೆಯ ಸ್ಪ್ರಿಂಗುಗಳ ಮೇಲೆ ಕೂತಿತ್ತು, ಪೆಟ್ಟಿಗೆಗೆ ಎಲ್ಲೂ ತಗಲದೆ.

"ಒಳಗ್ಲ ಡ್ರಮ್ಮ ಮುಂದ್ಕಡೆ ಯಾವ್ದು ಇಡ್ಕಂಡದೆ?" ಎಂದು ಕೇಳಿದಳು.

"ಯಾವುದೂ ಇಲ್ಲ."

"ಅಂಗಾರೆ ಹಿಂದ್ಗಡೆಯಿಂದ್ಲೇಯ?"

"ಹಿಂದ್ಗಡೆ ಶಾಫ್ಟು ಒಂದೇ. ಎರಡು ಬೇರಿಂಗು ಹೊತ್ಕೊಂಡಿರೋದು."

ಅವಳು ನಂಬಲಿಲ್ಲ. ಒಂದು ಒದ್ದೆ ಹಾಸಿನ ಭಾರ ಎಷ್ಟೆಂದು ಅವಳ ಭುಜಕ್ಕೆ ಗೊತ್ತಿತ್ತು. ಅಂಥವು ಹತ್ತಾರು, ಜೊತೆಗೆ ಅಷ್ಟು ಉಕ್ಕು, ಎಲ್ಲವನ್ನೂ ಒಂದೇ ಕಡೆಯಿಂದ ಹಿಡಿದು ಗಾಳಿಯಲ್ಲಿ ಚಾಚಿಕೊಂಡಿರುವುದೆಂದರೆ, ನೀರು ತುಂಬಿದ ಕೊಡವನ್ನು ಕೈ ನೀಡಿ ಬೆರಳ ತುದಿಯಲ್ಲಿ ಹಿಡಿದಂತೆ. ಸುನೀಲ್ ಕುಮಾರ್ ತನ್ನ ಚೀಲದಿಂದ ಹೊಸ ಬೇರಿಂಗೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ತಿರುಗಿಸಿದ. ಸದ್ದಿಲ್ಲದೆ ತಿರುಗಿತು. ತಿರುಗುತ್ತಲೇ ಇತ್ತು. ಅವಳು ಕೈ ಅಲ್ಲಾಡಿಸದೆ ಅದು ತಾನಾಗಿ ನಿಲ್ಲುವವರೆಗೂ ನೋಡಿದಳು.

ಆಮೇಲೆ ಅವನು ಒಂದು ರಬ್ಬರಿನ ಬಳೆ ತೋರಿಸಿದ. ಅದರ ಈ ಕಡೆ ನೀರು, ಆ ಕಡೆ ಗ್ರೀಸು. ಬಳೆ ಸವೆದು ನೀರು ಆಚೆ ದಾಟಿದರೆ ಬೇರಿಂಗು ತುಕ್ಕು ಹಿಡಿಯುತ್ತದೆ, ಬೇರಿಂಗು ಹೋದರೆ ಯಂತ್ರವೇ ಹೋದಂತೆ. ಕೆಳಗಿನ ನೀರು ಬಿಡುವ ಬಾಯಿಯನ್ನು ತೋರಿಸಿದ. ಕರೆಂಟು ಇರುವಾಗ ಅದು ಮುಚ್ಚಿಕೊಂಡಿರುತ್ತದೆ. ಕರೆಂಟು ಹೋದರೆ ತಾನೇ ತೆರೆದುಕೊಂಡು ನೀರನ್ನೆಲ್ಲ ಹೊರಗೆ ಬಿಡುತ್ತದೆ. ಯಾರೂ ಇಲ್ಲದ ಹೊತ್ತಿನಲ್ಲೂ ನೀರು ಒಳಗೆ ನಿಂತು ಕೊಳೆಯಬಾರದು ಎಂದು ಯಾರೋ, ಎಲ್ಲೋ, ಮೊದಲೇ ಯೋಚಿಸಿದ್ದರು. ಕರಿಬಸಮ್ಮನಿಗೆ ಉಳಿದೆಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಹತ್ತಿದ್ದು ಇದು. ತನ್ನನ್ನು ನಡೆಸುವ ಶಕ್ತಿ ಹೋದರೆ ಏನು ಮಾಡಬೇಕೆಂದು ಮನುಷ್ಯರಿಗೇ ಗೊತ್ತಿರುವುದಿಲ್ಲ.

ಜೋಡಣೆ ಮುಗಿದ ಮೇಲೆ ಮೃತ್ಯುಂಜಯ ತೆಂಗಿನಕಾಯಿ ಒಡೆದು, ಯಂತ್ರದ ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದ. ಹಳೆಯ ಹಾಸುಗಳನ್ನು ತುಂಬಿ ನಡೆಸಿ ನೋಡಿದರು. ಕರಿಬಸಮ್ಮ ಗಾಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಡ್ರಮ್ಮಿನ ಒಳಮೈಯಲ್ಲಿ ಮೂರು ಉಬ್ಬಿದ ದಿಂಡುಗಳಿವೆ. ಡ್ರಮ್ಮು ಮೆಲ್ಲಗೆ ತಿರುಗುವಾಗ ಅವು ಬಟ್ಟೆಯನ್ನು ಎತ್ತಿ ಎತ್ತಿ ಮೇಲಕ್ಕೊಯ್ದು, ತುದಿಯಲ್ಲಿ ಕೈಬಿಡುತ್ತವೆ. ಬಟ್ಟೆ ದೊಪ್ಪನೆ ನೀರಿಗೆ ಬೀಳುತ್ತದೆ. ಸ್ವಲ್ಪ ಹೊತ್ತು ಹೀಗೆ ತಿರುಗಿ, ನಿಂತು, ಆಮೇಲೆ ಎದುರು ದಿಕ್ಕಿಗೆ ತಿರುಗುತ್ತದೆ, ಬಟ್ಟೆ ಹುರಿಗೊಂಡು ಹಗ್ಗವಾಗದಿರಲೆಂದು. ಬೀಳುವ ಆ ಸದ್ದು ಅವಳಿಗೆ ಪರಿಚಯದ್ದು. ಮನೆಯಲ್ಲೂ ಇಲ್ಲೂ ಇಪ್ಪತ್ತು ವರ್ಷ ಕಲ್ಲಿಗೆ ಬಡಿದ ಸದ್ದೇ ಅದು, ಕೊಂಚ ಮೆತ್ತಗೆ. ಆದರೆ ಇಲ್ಲಿ ಬಡಿಯುವವರು ಯಾರೂ ಇರಲಿಲ್ಲ. ಬಟ್ಟೆ ತನ್ನ ಭಾರಕ್ಕೆ ತಾನೇ ಬಿದ್ದು, ತನ್ನನ್ನು ತಾನೇ ಒಗೆದುಕೊಳ್ಳುತ್ತಿತ್ತು. ಯಂತ್ರ ಮಾಡುತ್ತಿದ್ದದ್ದು ಎತ್ತುವುದೊಂದನ್ನೇ. ಇಷ್ಟು ವರ್ಷ ತಾನು ಬಡಿಯುವುದೇ ಕೆಲಸ ಎಂದುಕೊಂಡಿದ್ದು ತಪ್ಪೆಂದು ಅವಳಿಗೆ ತೋರಿತು, ಎತ್ತಿದರೆ ಸಾಕಾಗಿತ್ತು.

ಕೊನೆಯಲ್ಲಿ ಡ್ರಮ್ಮು ಜೋರು ಹಿಡಿಯಿತು. ಸ್ಪ್ರಿಂಗುಗಳು ಒಮ್ಮೆ ಮುಲುಗಿದವು, ಆಮೇಲೆ ಸದ್ದೆಲ್ಲ ಒಂದೇ ಶ್ರುತಿಯಾಯಿತು. ಹಾಸುಗಳು ಸುತ್ತಲ ಗೋಡೆಗೆ ಅಂಟಿಕೊಂಡು ನಡುವೆ ಖಾಲಿ ಬಯಲಾಯಿತು. ಅದರಾಚೆ ಹಿಂಬದಿಯ ಉಕ್ಕು ಕನ್ನಡಿಯಂತೆ ಹೊಳೆಯಿತು. ತೂತುಗಳಿಂದ ನೀರು ಸಿಡಿದು ಮೋರಿಗೆ ಧುಮುಕುವುದು ಕೇಳಿಸಿತು. ಒಂದು ಹಾಸನ್ನು ಹಿಂಡಲು ಇಬ್ಬರು ಹೆಂಗಸರು ಎರಡು ತುದಿಯಲ್ಲಿ ನಿಂತು, ಹಲ್ಲು ಕಚ್ಚಿ ತಿರುಚಬೇಕಿತ್ತು. ದೇವರ ಮುಂದೆ ನಿಂತಾಗ ಆಗುತ್ತದೆಂದು ಜನ ಹೇಳುವ ರೋಮಾಂಚ ಕರಿಬಸಮ್ಮನಿಗೆ ಯಾವ ಗುಡಿಯಲ್ಲೂ ಆಗಿರಲಿಲ್ಲ. ಆ ಹೊತ್ತು, ಆ ಗಾಜಿನ ಮುಂದೆ ಆಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ತೊಟ್ಟಿಯ ಆರು ಜನರಲ್ಲಿ ಇಬ್ಬರು ಕೆಲಸ ಬಿಟ್ಟರು, ಮೂವರು ಇಸ್ತ್ರಿಗೂ ಬಟ್ಟೆ ಮಡಿಸುವ ಮಡಿಕೆ ಟೇಬಲ್ಲಿಗೂ ಹೋದರು. ಕರಿಬಸಮ್ಮ ಯಂತ್ರದ ಹತ್ತಿರವೇ ಉಳಿದಳು. ಸುನೀಲ್ ಕುಮಾರ್ ಬಂದಾಗಲೆಲ್ಲ ಕೇಳಿ ಕೇಳಿ ಕಲಿತಳು: ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಸೋಪು, ಆಮೇಲೆ ಜಾಲಿಸುವ ನೀರು, ಕೊನೆಯ ನೀರಿಗೆ ಹುಳಿ. ಸೋಪಿನ ಕ್ಷಾರ, ಅವಳ ಮಾತಿನಲ್ಲಿ ಖಾರ, ಬಟ್ಟೆಯಲ್ಲಿ ಉಳಿದರೆ ಮೈ ಕೆರೆಯುತ್ತದೆ, ಇಸ್ತ್ರಿಯ ಬಿಸಿಗೆ ಬಟ್ಟೆ ಹಳದಿಯಾಗುತ್ತದೆ. ಆ ಖಾರವನ್ನು ಕೊಲ್ಲಲು ಒಂದು ಅಳತೆ ಹುಳಿ, ಕ್ಯಾನಿನಲ್ಲಿ ಬರುವ ತೆಳು ಆಮ್ಲ. ಮಿಕ್ಕಿದ್ದೆಲ್ಲ ಗುಂಡಿ ಒತ್ತುವುದು ಎಂದು ಅವನು ಹೇಳಿದ್ದ. ಅದು ಗುಂಡಿ ಒತ್ತುವುದಲ್ಲವೆಂದು ಅವಳಿಗೆ ಬೇಗ ತಿಳಿಯಿತು. ಬಟ್ಟೆ ಒಂದೇ ಕಡೆ ಗುಡ್ಡೆಯಾದರೆ ಜೋರು ತಿರುಗುವಾಗ ಇಡೀ ಯಂತ್ರ ನಡುಗಿ ತಾನೇ ನಿಲ್ಲುತ್ತದೆ. ತುಂಬುವಾಗಲೇ ಕೈಗೆ ಅದರ ಅಂದಾಜಿರಬೇಕು.

ಮೃತ್ಯುಂಜಯನಿಗೆ ಮಾತ್ರ ಧೈರ್ಯ ಸಾಲದು. ಕೊಯಮತ್ತೂರಿನ ಹೋಟೆಲಿನಲ್ಲಿ ಇದೇ ಯಂತ್ರವನ್ನು ನಡೆಸುತ್ತಿದ್ದ ಆಳೊಬ್ಬ ಬರಲು ಒಪ್ಪಿದ್ದ. ಅಷ್ಟರಲ್ಲಿ ದೊಡ್ಡ ರೆಸಾರ್ಟೊಂದರ ಕೆಲಸ ಕೈಗೆ ಬಂತು. ಯಜಮಾನ ಅವಳನ್ನು ಕರೆದು ಹೇಳಿದ.

"ಕರಿಬಸಕ್ಕ, ಶುಕ್ರವಾರ ಅವರ ಮೊದಲ್ನೇ ಲೋಡು. ಸಂಜೆಗೆ ವಾಪಸ್ ಓಗ್ಬೇಕು. ನಿನ್ ಕೈಲಿ ಬುಟ್ಟಿವ್ನಿ. ಸರಿಯಾಗಿ ಆದ್ರೆ ಮಿಷನ್ನು ನಿಂದೇಯ. ಎಡವಟ್ಟಾದ್ರೆ ಆ ವಯ್ಯ ಬತ್ತನೆ, ನೀನು ಮಡಿಕೆ ಟೇಬಲ್ಗೆ ಓಗು."

"ಆಗ್ಲಿ ಕಣಪ್ಪ," ಎಂದಳು. ಮಡಿಕೆ ಟೇಬಲ್ಲು ಯಂತ್ರಕ್ಕೆ ಬೆನ್ನು ಮಾಡಿತ್ತು. ಅಲ್ಲಿ ಕೂತವರಿಗೆ ಸದ್ದು ಕೇಳುತ್ತದೆ, ಗಾಜು ಕಾಣುವುದಿಲ್ಲ. ಸಂಬಳ ಎರಡು ಕಡೆಯೂ ಒಂದೇ. ಅವಳಿಗೆ ಬೇಕಾಗಿದ್ದದ್ದು ಗಾಜಿನ ಮುಂದಿನ ಜಾಗ.

ಶುಕ್ರವಾರ ಅವಳು ಮೊದಲ ಬಸ್ಸಿಗೇ ಬಂದಳು. ಶುಕ್ರವಾರ ಮನೆಯ ಹೊಸ್ತಿಲಿಗೆ ಅರಿಸಿನ ಬಳಿಯದೆ ಅವಳು ಒಲೆ ಹಚ್ಚಿದವಳಲ್ಲ. ಶೆಡ್ಡಿನ ಹೊಸ್ತಿಲಿಗೂ ಬಳಿಯುತ್ತ ಬಂದಿದ್ದಳು. ಆ ದಿನ ಬಳಿದು ಎದ್ದವಳು ಯಂತ್ರದ ಬಾಯಿಯನ್ನು ನೋಡಿದಳು. ಗಾಜಿನ ಬಾಗಿಲು ತೆರೆದಿತ್ತು. ಕೆಳಗೆ ಕಪ್ಪು ರಬ್ಬರಿನ ಅಂಚು, ಅದರ ಹಿಂದೆ ಉಕ್ಕಿನ ತುಟಿ. ಬಟ್ಟೆ ದಾಟಿ ಒಳಗೆ ಹೋಗುವುದೂ ಅದನ್ನೇ, ದಾಟಿ ಹೊರಗೆ ಬರುವುದೂ ಅದನ್ನೇ. ಅದಕ್ಕೆ ಹೊಸ್ತಿಲು ಎನ್ನುವುದಲ್ಲದೆ ಬೇರೆ ಹೆಸರು ಅವಳ ಬಳಿ ಇರಲಿಲ್ಲ. ಯಜಮಾನ ಹಣೆಗೆ ವಿಭೂತಿ ಇಟ್ಟಿದ್ದ, ಹೊಸ್ತಿಲು ಬರಿದಾಗಿತ್ತು. ಇಂಥ ದೊಡ್ಡ ವಸ್ತುವಿನ ಬಾಗಿಲು ಬರಿದಾಗಿರುವುದು ಅವಳಿಗೆ ಸರಿಕಾಣಲಿಲ್ಲ.

ಅರಿಸಿನ ತೌರಿನದು, ಆ ವರ್ಷದ ಬೆಳೆ, ಅಂಗಡಿಯ ಪುಡಿಯಲ್ಲ. ಚೊಂಬು ತುಂಬ ಕಲಸಿದಳು. ರಬ್ಬರಿನ ಅಂಚಿಗೂ ಉಕ್ಕಿನ ತುಟಿಗೂ ದಪ್ಪಗೆ ಬಳಿದಳು. ಚೊಂಬಿನಲ್ಲಿ ಇನ್ನೂ ಉಳಿದಿತ್ತು. ಒಳಕ್ಕೆ ಬಗ್ಗಿ, ಎತ್ತುವ ಆ ಮೂರು ದಿಂಡುಗಳಿಗೂ ಬಳಿದಳು. ಆಮೇಲೆ ರೆಸಾರ್ಟಿನ ಗಂಟುಗಳನ್ನು ಬಿಚ್ಚಿ, ಹಾಲಿನಂಥ ಬಿಳಿ ಹಾಸುಗಳನ್ನೂ ದಿಂಬಿನ ಚೀಲಗಳನ್ನೂ ಗುಡ್ಡೆಯಾಗದಂತೆ ಬಿಡಿಸಿ ಬಿಡಿಸಿ ತುಂಬಿದಳು. ಬಾಗಿಲು ಮುಚ್ಚಿದಳು. ಬೀಗ ಖಟ್ಟನೆ ಬಿತ್ತು. ಅದು ಬಿದ್ದ ಮೇಲೆ ನೀರು ಪೂರ್ತಿ ಹೋಗಿ ಡ್ರಮ್ಮು ನಿಲ್ಲುವವರೆಗೂ ಬಾಗಿಲು ತೆರೆಯದು.

ತಣ್ಣೀರಿನಲ್ಲಿ ಕೊಂಚ ಹಳದಿ ಕಂಡಿತು. ಕೊಳೆ ಇರಬೇಕೆಂದುಕೊಂಡಳು. ಬಿಸಿನೀರು ಬಂತು, ಸೋಪು ಬಂತು. ನೀರು ಕೆಂಪಾಯಿತು.

ಗಾಜಿನ ಹಿಂದೆ ಕೆಂಪು ನೀರು ಎದ್ದು ಬಿದ್ದು ಹೊರಳಿತು. ಹಾಸುಗಳು ಕೆಂಪಾಗಿ ಮೇಲಕ್ಕೆ ಹೋದವು, ಕೆಂಪಾಗಿ ಕೆಳಕ್ಕೆ ಬಿದ್ದವು.

"ಅಕ್ಕ, ರಕ್ತ ಕಣಕ್ಕ," ಎಂದಳು ಕುಮಾರಿ. ಸದಾ ಕೂಗಾಡುವ ಹುಡುಗಿ ಪಿಸುಮಾತಿನಲ್ಲಿ ಹೇಳಿದಳು. ಇಸ್ತ್ರಿಯವರೆಲ್ಲ ಒಟ್ಟುಗೂಡಿದರು. ಒಬ್ಬೊಬ್ಬರೂ ತಮ್ಮ ತಮ್ಮ ಕೈ ನೋಡಿಕೊಂಡರು. ಮೃತ್ಯುಂಜಯ ಓಡಿ ಬಂದ.

"ಯಾರ್ ಕೈ ಸಿಕ್ಕಾಕಂತು?"

"ಎಲ್ಲರ ಕೈಯೂ ಇಲ್ಲೇ ಅವೆ," ಎಂದಳು ಕುಮಾರಿ.

ಅವನು ಬಾಗಿಲ ಹಿಡಿ ಹಿಡಿದು ಜಗ್ಗಿದ. ಕಾಲು ಕೊಟ್ಟು ಜಗ್ಗಿದ. ಯಂತ್ರ ಅವನ ಕಡೆ ಗಮನವೇ ಇಲ್ಲದಂತೆ ಒಮ್ಮೆ ನಿಂತು, ದಿಕ್ಕು ಬದಲಿಸಿ, ಮತ್ತೆ ತಿರುಗಿತು. ಕಾಸು ಕೊಟ್ಟು ತಂದ ಯಜಮಾನನೂ ಅದಕ್ಕೆ ಒಂದೇ, ಮೋರಿಯ ಪಕ್ಕದಲ್ಲಿ ಕೂತ ಕಾಗೆಯೂ ಒಂದೇ.

ಕರಿಬಸಮ್ಮ ಗಾಜನ್ನೇ ನೋಡುತ್ತಿದ್ದಳು. ಆ ಕೆಂಪನ್ನು ಅವಳು ನೂರು ಸಲ ಕಂಡಿದ್ದಳು. ಮದುಮಕ್ಕಳ ಮುಂದೆ, ಬಾಣಂತಿಯ ಮುಂದೆ, ತಟ್ಟೆಯಲ್ಲಿ.

"ರಕ್ತ ಅಲ್ಲ ಕಣಪ್ಪ. ಆರತಿ ನೀರು."

"ಏನಂದೆ?"

"ಅರ್ಸ್ನಕ್ಕೆ ಸುಣ್ಣ ಕಲಸ್ದಂಗೆ. ಈ ಸೋಪೂ ಸುಣ್ಣದಂಗೆ ಖಾರ್ದ್ದು. ಅರ್ಸ್ನ ನಾನು ಬಳ್ದಿದ್ದು."

"ಎಲ್ಗೆ ಬಳ್ದೆ?"

"ಹೊಸ್ಲಿಗೆ."

"ಯಾವ್ ಹೊಸ್ಲಿಗೆ?"

ಅವಳು ಗಾಜಿನ ಕೆಳಗಿನ ಅಂಚನ್ನು ತೋರಿಸಿದಳು. "ಒಳಗ್ಲ ಮೂರು ದಿಂಡ್ಗೂವೆ," ಎಂದು ಸೇರಿಸಿದಳು. ಅರ್ಧ ಹೇಳಿ ಅರ್ಧ ಮುಚ್ಚಿಡುವುದು ಅವಳ ಸ್ವಭಾವವಲ್ಲ.

"ಒಳಕೂ ಬಳ್ದ್ಯಾ?" ಕುಮಾರಿಗೆ ಉಸಿರು ಮರಳಿತ್ತು. "ಬಾಣ್ತಿ ಅನ್ಕಂಡ್ಯೇನಕ್ಕ ಅದ್ನ, ಮೈಯೆಲ್ಲ ಅರ್ಸ್ನ ಹಚ್ಚಿ ಎರ್ಯಕೆ?"

ಯಾರೋ ಒಬ್ಬಳು ನಕ್ಕಳು. ಮೃತ್ಯುಂಜಯ ನಗಲಿಲ್ಲ. ಸುನೀಲ್ ಕುಮಾರನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಅರಿಶಿನಾನಾ?" ಎಂದಿತು ಫೋನು. "ಸಾರ್, ನಾನು ಗ್ರೀಸ್ ಹಾಕಿ ಅಂತ ತಾನೆ ಹೇಳಿದ್ದು?"

"ತಮಾಸೆ ಬ್ಯಾಡ ಕಣಯ್ಯ. ಕೆಂಪು ಗುಂಡಿ ಒತ್ತಿ ನಿಲ್ಲಿಸ್ಬುಡ್ಲಾ?"

"ಬೇಡ ಬೇಡ. ಕರೆಂಟ್ ನಿಂತ್ರೆ ನೀರೆಲ್ಲ ತಾನಾಗೇ ಹೊರಟುಹೋಗುತ್ತೆ. ಸೋಪು ಕುಡಿದಿರೋ ಬಟ್ಟೆ ಬಿಸಿಬಿಸೀಲೇ ಗುಡ್ಡೆ ಬೀಳುತ್ತೆ. ಬಾಗಿಲೂ ತಕ್ಷಣ ತೆಗೆಯಲ್ಲ. ಕಲರ್ ಮಡಿಕೆ ಮಡಿಕೇಲಿ ಕೂತ್ಬಿಡುತ್ತೆ. ಕೊನೇ ನೀರಿಗೆ ಹುಳಿ ಬೀಳೋವರೆಗೂ ನೀವು—"

ಅಷ್ಟಕ್ಕೆ ಸಿಗ್ನಲ್ ಹೋಯಿತು. ಆ ರಸ್ತೆಯಲ್ಲಿ ಅದು ಹೊಸದೇನಲ್ಲ. ಎರಡು ಸಲ, ಮೂರು ಸಲ ಹಚ್ಚಿದರೂ ಸಿಗಲಿಲ್ಲ.

"ಹುಳಿ ಬೀಳೋವರ್ಗೂ ಏನಂತೆ?" ಎಂದ ಮೃತ್ಯುಂಜಯ.

"ಮುಟ್ಬೇಡಿ ಅಂತ," ಎಂದಳು ಕರಿಬಸಮ್ಮ.

"ಅವ್ನು ಅಂಗಂದ್ನಾ? ನೀನಂತಿದ್ದೀಯ." ಅವನ ಕೈ ಕೆಂಪು ಗುಂಡಿಯ ಕಡೆ ಹೊರಟಿತು. "ನಿಲ್ಲಿಸ್ಬುಟ್ಟು ತೊಟ್ಟಿಗೆ ಹಾಕನ. ಕೈಯಲ್ಲೇ ಜಾಲ್ಸನ."

ಕರಿಬಸಮ್ಮ ಗುಂಡಿಗೂ ಅವನಿಗೂ ನಡುವೆ ಬಂದು ನಿಂತಳು. ದನಿ ಏರಿಸಲಿಲ್ಲ.

"ನಿಲ್ಲಿಸ್ಬ್ಯಾಡ ಕಣಪ್ಪ. ತೊಟ್ಟೀಲಿ ಎಷ್ಟು ಜಾಲ್ಸಿದ್ರೂ ಸೋಪಿನ ಖಾರ ಓಗಕಿಲ್ಲ, ಕೆಂಪು ಅಂಗೇ ಇರ್ತದೆ. ಹುಳಿ ಬೀಳ್ಲಿ. ಆಮೇಲೂ ಕೆಂಪಗೇ ಇದ್ರೆ ಆ ಕೊಯಮತ್ತೂರಿನ ವಯ್ಯಂಗೆ ನಾನೇ ಪೋನ್ ಮಾಡಿ ಬಾ ಅಂತೀನಿ."

ಅವನು ಅವಳನ್ನು ಪಕ್ಕಕ್ಕೆ ತಳ್ಳಬಹುದಿತ್ತು. ತಳ್ಳಲಿಲ್ಲ, ಕೈ ಕೆಳಗಿಳಿಸಿ, ಗಾಜಿಗೆ ಬೆನ್ನು ಮಾಡಿ, ಬಕೆಟ್ಟೊಂದರ ಮೇಲೆ ಕೂತ.

ಕಾಯುವುದೊಂದೇ ಉಳಿದದ್ದು. ಯಂತ್ರ ತನ್ನ ಹೊತ್ತನ್ನೇ ತೆಗೆದುಕೊಂಡಿತು. ಕೆಂಪು ನೀರನ್ನು ಮೋರಿಗೆ ಬಿಟ್ಟಿತು, ಹೊಸ ನೀರು ತುಂಬಿಕೊಂಡಿತು, ಅದು ಗುಲಾಬಿಯಾಯಿತು. ಅದನ್ನೂ ಬಿಟ್ಟಿತು. ಇನ್ನೊಂದು ನೀರು, ಇನ್ನೂ ತೆಳು. ಆದರೆ ಹಾಸುಗಳು ಮಾತ್ರ ಕೆಂಪಾಗಿಯೇ ಎದ್ದು ಬೀಳುತ್ತಿದ್ದವು. ಕೊನೆಯ ನೀರು ಬರುವಾಗ ಕರಿಬಸಮ್ಮ ಮೇಲಿನ ಡಬ್ಬಿಯ ಮುಚ್ಚಳ ತೆಗೆದು ಹುಳಿ ಸುರಿದಳು. ಒಂದಳತೆ. ಕೊಂಚ ನಿಂತು, ಇನ್ನೊಂದಳತೆ.

ಗಾಜಿನ ಅಂಚಿನಿಂದ ಶುರುವಾಯಿತು. ಒಂದು ಹಾಸಿನ ಮೂಲೆ ಹಳದಿಯಾಯಿತು. ಅದು ಮೇಲೆ ಹೋಗಿ ಬೀಳುವಷ್ಟರಲ್ಲಿ ಪಕ್ಕದ್ದೂ ಹಳದಿ. ದಿಂಡುಗಳು ಕೆಂಪನ್ನು ಎತ್ತಿ ಒಯ್ದು ಹಳದಿಯನ್ನು ಕೆಳಗೆ ಹಾಕುತ್ತಿದ್ದವು. ನೋಡನೋಡುತ್ತ ಒಳಗೆಲ್ಲ ಒಂದೇ ಹಳದಿ, ಹೊಸ ಅರಿಸಿನ ಕುಟ್ಟಿದ ಒರಳಿನ ಹಾಗೆ. ಇಸ್ತ್ರಿಯ ಹೆಂಗಸರಲ್ಲಿ ಇಬ್ಬರು ಕೈ ಮುಗಿದರು. ಖಾರಕ್ಕೆ ಕೆಂಪಾಗಿ ಹುಳಿಗೆ ಹಳದಿಗೆ ಮರಳುವುದು ಅರಿಸಿನದ ಗುಣ. ಶಾಲೆಯ ಮಕ್ಕಳು ಕಾಗದದ ಚೂರಿನ ಮೇಲೆ ಮಾಡಿ ನೋಡುವ ಪಾಠ. ಹಾಗೆಂದು ತಿಳಿದವರೂ ಆ ಗಾಜಿನ ಮುಂದೆ ನಿಂತಿದ್ದರೆ ಬಾಯಿ ಮುಚ್ಚಿಕೊಂಡೇ ನೋಡುತ್ತಿದ್ದರು.

ಕರಿಬಸಮ್ಮ ಕೈ ಮುಗಿಯಲಿಲ್ಲ. ಅಪಾಯ ಮುಗಿದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಡ್ರಮ್ಮು ನಿಂತು, ಬೀಗ ಸಡಿಲವಾಗಿ, ಬಾಗಿಲು ತೆರೆದಾಗ ಹೊರಬಂದದ್ದು ತಿಳಿಹಳದಿಯ ಹಾಸುಗಳು. ಕೆಲವಕ್ಕೆ ದಿಂಡು ಉಜ್ಜಿದ ಕಡೆ ಗಾಢ ಪಟ್ಟೆ. ಕುಮಾರಿ ಒಂದನ್ನು ಬಿಡಿಸಿ ಹಿಡಿದಳು. "ಮದ್ವೆ ಮನೆಗೆ ಕಳ್ಸಿದ್ರೆ ಯಾರೂ ಏನೂ ಅನ್ನಕಿಲ್ಲ."

"ಬ್ಲೀಚು?" ಎಂದಳು ಇನ್ನೊಬ್ಬಳು. ಮೃತ್ಯುಂಜಯ ಕೂಡದೆಂದು ತಲೆಯಾಡಿಸಿದ. ಬ್ಲೀಚು ಎಳೆ ತಿನ್ನುತ್ತದೆಂದು, ತಮ್ಮ ಬಟ್ಟೆಗೆ ಅದನ್ನು ಮುಟ್ಟಿಸಕೂಡದ ಕರಾರು ರೆಸಾರ್ಟಿನವರದು. ಅವನು ಹಳದಿ ಹಾಸಿನ ತುದಿಯನ್ನು ಬೆರಳಲ್ಲಿ ತಿಕ್ಕುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಬಾಗಿಲಾಚೆ ನೋಡಿದ. ಮಂಡಿಯಲ್ಲಿ ಕೂತು ಕೂತು ಅವನಪ್ಪನ ಪಂಚೆ ಯಾವಾಗಲೂ ಹಳದಿ. ಅವ್ವ ಅದನ್ನು ಬೇಲಿಯ ಮೇಲೆ ಹಾಕುತ್ತಿದ್ದಳು, ಸಂಜೆಗೆ ಅದು ಬೆಳ್ಳಗಾಗಿರುತ್ತಿತ್ತು.

"ಬಿಸ್ಲು," ಎಂದ.

"ಬಿಸ್ಲೇ ಕಣಪ್ಪ," ಎಂದಳು ಕರಿಬಸಮ್ಮ, ಹಾಸುಗಳನ್ನು ಆಗಲೇ ತೋಳಿಗೆ ಹಾಕಿಕೊಳ್ಳುತ್ತ.

ಶೆಡ್ಡಿನ ಮೂಲೆಯಲ್ಲಿ ಬಟ್ಟೆ ಒಣಗಿಸುವ ಇನ್ನೊಂದು ಯಂತ್ರವಿತ್ತು, ಅದನ್ನು ಆ ದಿನ ಯಾರೂ ಮುಟ್ಟಲಿಲ್ಲ. ಶೆಡ್ಡಿನ ಕಂಬಗಳಿಂದ ಬೇವಿನ ಮರಕ್ಕೆ, ಮರದಿಂದ ಪಕ್ಕದ ಹೊಲದ ಬೇಲಿಗೂಟಕ್ಕೆ ಹಗ್ಗ ಕಟ್ಟಿದರು. ಹೊಲದವನು ಪಾಪ, ಬೇಕಾದರೆ ನೆಲಕ್ಕೆ ಹಾಸಿಕೊಳ್ಳಿ ಎಂದು ಟಾರ್ಪಾಲು ತಂದುಕೊಟ್ಟ. ಕುಮಾರಿ ಅದನ್ನು ಬಿಡಿಸಿ ನೋಡಿ, "ಅಣ್ಣಯ್ಯ, ಇದ್ರಲ್ಲಿ ಏನು ಒಣಗ್ಸಿದ್ದೆ?" ಎಂದಳು. ಅರಿಸಿನ, ಎಂದ ಅವನು. ಅವಳು ಹಾಗೇ ಮಡಚಿ ಅವನ ಕೈಗೇ ಕೊಟ್ಟಳು.

ಶಿವರಾತ್ರಿ ಕಳೆದ ಮೇಲಿನ ಬಿಸಿಲು, ಮೋಡದ ಚೂರಿಲ್ಲ. ಹಾಸುಗಳು ರಸ್ತೆಯವರೆಗೂ ಸಾಲಾಗಿ ನೇತಾಡಿದವು; ಊಟಿಗೆ ಹೋಗುವ ಕಾರುಗಳು ನಿಧಾನ ಮಾಡಿ ನೋಡಿ ಹೋದವು. ಕರಿಬಸಮ್ಮ ಹಗ್ಗದಿಂದ ಹಗ್ಗಕ್ಕೆ ನಡೆಯುತ್ತ ಹಾಸುಗಳನ್ನು ಸರಿಸಿ ಸರಿಸಿ ಹಾಕಿದಳು, ಯಾಕೆಂದರೆ ಹಗ್ಗದ ಮೇಲೆ ಮಡಿಸಿದ ಗೆರೆಗೆ ಬಿಸಿಲು ತಗಲದು. ನಡುನಡುವೆ ಒಳಗೆ ಹೋಗಿ ಯಂತ್ರದ ಬಾಯಿಯನ್ನೂ ದಿಂಡುಗಳನ್ನೂ ಹಳೆ ಬಟ್ಟೆಯಿಂದ ತಿಕ್ಕಿದಳು. ರಬ್ಬರಿನ ಮಡಿಕೆಗೆ ಬೆರಳು ಹಾಕಿ, ಅಲ್ಲಿ ಅಡಗಿದ್ದ ಅರಿಸಿನವನ್ನು ಉಗುರಿನಲ್ಲಿ ಕೆರೆದು ತೆಗೆದಳು. ಮತ್ತೆ ಹೊರಗೆ ಬಂದಾಗ ಹಾಸುಗಳು ಹಳದಿಯಿಂದ ಬೆಣ್ಣೆಯ ಬಣ್ಣಕ್ಕೆ ಬಂದಿದ್ದವು. ಆಮೇಲೆ ಬೆಣ್ಣೆಯ ಬಣ್ಣವೂ ಹೋಯಿತು. ಬಿಸಿಲಿಗೆ ತಿರುಗುವ ಗಾಲಿಯಿಲ್ಲ, ಬೆಲ್ಟಿಲ್ಲ, ಹಿಂದೆ ಹೋಗಿ ಬಗ್ಗಿ ನೋಡೋಣವೆಂದರೆ ಹಿಂಬದಿಯೇ ಇಲ್ಲ. ಅವಳು ತಲೆ ಎತ್ತಿ ಒಮ್ಮೆ ನೋಡಿ, ಕಣ್ಣು ಕುಕ್ಕಿ, ತಲೆ ತಗ್ಗಿಸಿದಳು.

ಆದರೂ ಕಣ್ಣಿಗೆ ಕಾಣದ ಅರಿಸಿನ ಎಳೆಯೊಳಗೆ ಉಳಿದಿದೆಯೋ ಏನೋ. ಅದನ್ನು ಪತ್ತೆ ಹಚ್ಚಲು ಒಂದೇ ದಾರಿ: ಮತ್ತೆ ಯಂತ್ರಕ್ಕೆ ತುಂಬಿ, ಮತ್ತೆ ಸೋಪು ಹಾಕುವುದು. ಉಳಿದಿದ್ದರೆ ಕೆಂಪಾಗುತ್ತದೆ, ಆಮೇಲೆ ಬಿಸಿಲಿಗೆ ಹಾಕಲು ಹೊತ್ತಿರುವುದಿಲ್ಲ. ಮೃತ್ಯುಂಜಯ ಅವಳ ಮುಖ ನೋಡಿದ. ಅವಳು ತುಂಬಿದಳು.

ಈ ಸಲ ಅವನೂ ಗಾಜಿನ ಮುಂದೆ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಬಿಸಿನೀರು ಬಂತು. ಸೋಪು ಬಂತು. ನೊರೆ ಎದ್ದಿತು. ದಿಂಡುಗಳು ಎತ್ತಿದವು, ಬಿಟ್ಟವು, ಎತ್ತಿದವು, ಬಿಟ್ಟವು. ಡ್ರಮ್ಮು ನಿಂತು ದಿಕ್ಕು ಬದಲಿಸಿದಾಗ ನೊರೆ ಕೊಂಚ ಸರಿದು ಹಾಸುಗಳು ಕಂಡವು. ಬಿಳಿ. ಒಂದು ದಿಂಬಿನ ಚೀಲದ ಹೊಲಿಗೆಯಲ್ಲಿ ದಾರದಷ್ಟು ಗುಲಾಬಿ ಇತ್ತು. ಕರಿಬಸಮ್ಮ ಅದನ್ನು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. "ಅದೊಂದ್ನ ತೆಗ್ದಿಟ್ಕಳನ."

ಯಜಮಾನ ಗಾಜಿಗೆ ಇನ್ನಷ್ಟು ಹತ್ತಿರ ಬಗ್ಗಿದ. ಅವನು ಯಂತ್ರವನ್ನು ಕೊಂಡು ತಿಂಗಳುಗಳಾಗಿದ್ದವು. ಕೂತು ನೋಡಿದ್ದು ಅದೇ ಮೊದಲು. ಡ್ರಮ್ಮು ಜೋರು ಹಿಡಿದು, ಹಾಸುಗಳು ಗೋಡೆಗಂಟಿ, ನಡುವೆ ಬಯಲು ತೆರೆದುಕೊಂಡಾಗ ಅವನು ಉಸಿರು ಒಳಗೆಳೆದುಕೊಂಡದ್ದು ಅವಳಿಗೆ ಕೇಳಿಸಿತು.

"ಯಾವಾಗ್ಲೂ ಇಂಗೇ ಆಯ್ತದಾ?" ಎಂದು ಕೇಳಿದ.

"ದಿನಾಲೂವೆ."

ಸಂಜೆ ರೆಸಾರ್ಟಿನ ವ್ಯಾನು ಬಂತು. ಇಸ್ತ್ರಿಯ ಬಿಸಿ ಇನ್ನೂ ಆರದ ಕಟ್ಟುಗಳನ್ನು ಏರಿಸಿಕೊಂಡು, ಒಂದು ದಿಂಬಿನ ಚೀಲ ಕಡಿಮೆಯಿದೆ ಎಂದು ಗೊಣಗಿಕೊಂಡು ಡ್ರೈವರು ಹೊರಟ. ಮೃತ್ಯುಂಜಯ ಶೆಡ್ಡಿನ ಬಾಗಿಲಲ್ಲಿ ನಿಂತು, ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು ಕೊಯಮತ್ತೂರಿಗೆ ಫೋನು ಹಚ್ಚಿದ. ಕರಿಬಸಮ್ಮ ಕೈ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಬರುವುದು ಬೇಡ, ಇಲ್ಲೇ ಆಳಿದೆ ಎನ್ನುವಷ್ಟಕ್ಕೆ ಮಾತ್ರ ಅವನ ತಮಿಳು ಸಾಕಿತ್ತು.

"ಅಣ್ಣಾ, ನೀಂಗ ವರ ವೇಂಡಾಂ. ಇಲ್ಲ, ಇಲ್ಲ. ಇಂಗೆಯೇ ಆಳ್ ಇರುಕ್ಕು." ಆ ಕಡೆಯವನು ಏನೋ ಕೇಳಿದ. ಮೃತ್ಯುಂಜಯ ತಮಿಳು ಹುಡುಕಿದ, ಸಿಗಲಿಲ್ಲ, ಕನ್ನಡದಲ್ಲೇ ಹೇಳಿದ. "ಎಡವಟ್ಟು ಮಾಡೋರು ನಮ್ಮಲ್ಲೇ ಅವ್ರೆ ಕಣಣ್ಣ. ಅದ್ಕೆ ಕೊಯಮತ್ತೂರಿಂದ ಯಾಕೆ ತರ್ಸನ."

ಕುಮಾರಿ ಮಡಿಕೆ ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕಳು.

ಅವನು ಫೋನು ಜೇಬಿಗೆ ಹಾಕಿಕೊಂಡು ಕರಿಬಸಮ್ಮನ ಕಡೆ ತಿರುಗಿದ. "ನಾಳೆ ಟವಲ್ ಬತ್ತವೆ. ಪೂರ್ತಿ ತುಂಬ್ಸಿ ಒಂದೇ ಸಲಕ್ಕೆ ಮುಗಿಸ್ಬುಡು."

"ಆಗಕಿಲ್ಲ," ಎಂದಳು ಅವಳು, ಕೈ ಒರೆಸಿಕೊಳ್ಳುತ್ತ. "ಟವಲ್ಲು ನೀರು ಕುಡ್ದು ಭಾರ ಆಯ್ತವೆ. ಎತ್ತಿದ್ಮೇಲೆ ಬೀಳಕೆ ಜಾಗ ಬ್ಯಾಡ್ವಾ? ಎರಡು ಸಲ ಹಾಕ್ಬೇಕು."

"ಎರಡು ಸಲ ಹಾಕು," ಎಂದ ಯಜಮಾನ.